ಹಾಸಿಗೆ ಇದ್ದಷ್ಟು ಕಾಲು, ಗಾಡಿ ಇದ್ದಷ್ಟು ಗಾಲಿ

ಯಡ್ರಾಮಿಯ ಬಸ್ ಸ್ಟ್ಯಾಂಡಿನ ಮುಂದೆ ಸ್ಪೋರ್ಟ್ಸ್ ಕಾರು ಬಂದು ನಿಲ್ಲುವ ದಿನ ಇನ್ನೂ ಬಂದಿಲ್ಲ. ಬಂದರೂ ಅದು ಊರು ದಾಟಿ ಹೋಗುವುದು ಕಷ್ಟ. ನೆಲಕ್ಕೆ ನಾಲ್ಕು ಬೆರಳು ಎತ್ತರದಲ್ಲಿ ಹೊಟ್ಟೆ ಇರುವ ಕಾರು ಇಲ್ಲಿಯ ಮೊದಲನೇ ತಗ್ಗಿನಲ್ಲೇ ಕೂತುಬಿಡುತ್ತದೆ. ಕಾರು ಬರಲಿಲ್ಲ ನಿಜ. ಆದರೆ ಸ್ಪೋರ್ಟ್ಸ್ ಕಾರಿನ ಗಾಲಿಯ ಹುಚ್ಚು ಮಾತ್ರ ತಪ್ಪದೆ ಬಂದು ಇಳಿದಿದೆ.

ಪುಣೆಗೋ ಬೆಂಗಳೂರಿಗೋ ದುಡಿಯಲು ಹೋದ ಹುಡುಗ ನಾಲ್ಕು ವರ್ಷಕ್ಕೆ ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಳ್ಳುತ್ತಾನೆ. ತಪ್ಪೇನಿಲ್ಲ, ದುಡಿದ ದುಡ್ಡು. ಯುಗಾದಿಗೆ ಊರಿಗೆ ಬರುವ ಮುಂಚೆ ಕಂಪನಿಯ ಗಾಲಿ ಬಿಚ್ಚಿಸಿ, ಫಳಫಳ ಹೊಳೆಯುವ ಅಲಾಯ್ ರಿಮ್ಮು, ಅಗಲವಾದ ಟೈರು ಹಾಕಿಸುತ್ತಾನೆ. ‘ಎಷ್ಟ್ ಛಂದ ಕಾಣಸ್ತದ ನೋಡ್ರಿ ಕಾಕಾ’ ಅನ್ನುತ್ತಾನೆ. ಕಾಕಾ ತಲೆ ಆಡಿಸುತ್ತಾರೆ. ಅದೇ ಕಾರಿನಲ್ಲಿ ಜೇವರ್ಗಿ ಮುಟ್ಟುವಷ್ಟರಲ್ಲಿ ಕಾಕಾರ ನಡ ಹಿಡಿದಿರುತ್ತದೆ. ಹಿಂದಿನ ಸೀಟಿನಲ್ಲಿ ಮೂರು ಜನ ಕೂತರೆ ಟೈರು ಮಡ್‌ಗಾರ್ಡಿಗೆ ತಿಕ್ಕಿ ‘ಗರ್ರ್’ ಅನ್ನುತ್ತದೆ. ‘ಅದೇನು ಸಪ್ಪಳಪಾ?’ ಎಂದರೆ, ‘ಹೊಸಾ ಟೈರ್ ಅದಾವಲ್ರಿ, ಹಂಗೇ ಆಗ್ತದ’ ಎಂಬ ಉತ್ತರ.

ಹಂಗೇ ಆಗುವುದಿಲ್ಲ. ಹೊಸ ಟೈರು ಗಾಡಿಯ ಮೈಗೆ ತಿಕ್ಕುವುದು ಹೊಸತನದ ಲಕ್ಷಣವಲ್ಲ, ಅಳತೆ ತಪ್ಪಿದ್ದರ ಲಕ್ಷಣ.

‘ಕಾರಿದ್ದವರ ಗೊಡವೆ ಬಸ್ಸಿನವರಿಗೇಕೆ?’ ಎಂದು ಕೇಳುವವರು ಇರಬಹುದು. ಸಂಜೆಯ ಬಸ್ಸು ತಪ್ಪಿದ ದಿನ ಅವರೂ ಕ್ರೂಸರ್ ಹತ್ತುವವರೇ. ಮದುವೆಗೆ, ದವಾಖಾನೆಗೆ, ಕಲಬುರಗಿಯ ಶರಣಬಸವೇಶ್ವರ ಜಾತ್ರೆಗೆ ಹೋಗುವುದು ಬಾಡಿಗೆ ಗಾಡಿಯಲ್ಲೇ. ಕೆಳಗೆ ಯಾವ ಗಾಲಿ ಇದೆ, ಅದು ಎಷ್ಟು ಭಾರ ಹೊರುತ್ತದೆ, ಯಾವ ವರ್ಷದ್ದು ಎಂದು ಹತ್ತುವ ಮುಂಚೆ ನೋಡುವವರು ಎಷ್ಟು ಜನ? ಗಾಡಿಗೂ ರಸ್ತೆಗೂ ನಡುವೆ ಇರುವುದು ನಾಲ್ಕು ಕಡೆ ಅಂಗೈಯಗಲದ ರಬ್ಬರು. ಒಳಗೆ ಕೂತ ಅಷ್ಟೂ ಜನರ ಜೀವ ಅದರ ಮೇಲೆ.

ಹಳಿ ಕಟ್ಟುವ ಲೆಕ್ಕ

ಗಾಲಿಯ ಅಳತೆ ಈ ಭಾಗದವರಿಗೆ ಹೊಸದಲ್ಲ. ಎತ್ತಿನ ಬಂಡಿಯ ಮರದ ಗಾಲಿಗೆ ಕಬ್ಬಿಣದ ಹಳಿ ಕಟ್ಟುವಾಗ ಕಮ್ಮಾರ ಮೊದಲು ಗಾಲಿಯ ಸುತ್ತಳತೆ ಹಿಡಿಯುತ್ತಿದ್ದ. ಹಳಿಯನ್ನು ಗಾಲಿಗಿಂತ ಒಂದಿಷ್ಟು ಸಣ್ಣದು ಮಾಡಿ, ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಗಾಲಿಗೆ ತೊಡಿಸಿ, ನೀರು ಹಾಕುತ್ತಿದ್ದ. ಹಳಿ ಕುಗ್ಗಿ ಮರವನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಅಳತೆ ಒಂದು ಬೆರಳು ಹೆಚ್ಚಾದರೆ ಬೇಸಿಗೆಯಲ್ಲಿ ಮರ ಒಣಗಿದಾಗ ಹಳಿ ಕಳಚಿ ಬೀಳುತ್ತಿತ್ತು. ಕಡಿಮೆಯಾದರೆ ಗಾಲಿಗೆ ಏರುತ್ತಲೇ ಇರಲಿಲ್ಲ. ‘ಛಂದ ಕಾಣಸ್ತದ’ ಎಂದು ದೊಡ್ಡ ಹಳಿ ಕಟ್ಟಿಸಿಕೊಂಡ ರೈತ ಯಾರೂ ಇಲ್ಲ. ಅಪ್ಪ, ಅಜ್ಜ ಬಂಡಿಗೆ ತೋರಿಸಿದ ವಿವೇಕವನ್ನು ಮಗ ಕಾರಿಗೆ ತೋರಿಸಬಾರದೇ?

ಟೈರಿನ ಮೈಮೇಲೆ ಬರೆದದ್ದು

ಪ್ರತಿ ಟೈರಿನ ಪಕ್ಕದಲ್ಲಿ ಅದರ ಜಾತಕವೇ ಬರೆದಿರುತ್ತದೆ. ಉದಾಹರಣೆಗೆ 185/65 ಆರ್ 15, 88 ಎಚ್ ಎಂದು ಇದೆ ಅನ್ನಿ. 185 ಎಂದರೆ ಟೈರಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. 65 ಎಂದರೆ ಆ ಅಗಲದ ನೂರಕ್ಕೆ 65ರಷ್ಟು ಟೈರಿನ ಪಕ್ಕದ ಎತ್ತರ. ಅಂದರೆ ರಿಮ್ಮಿನಿಂದ ರಸ್ತೆಯವರೆಗೆ 120 ಮಿ.ಮೀ. ರಬ್ಬರು. ಆರ್ ಎಂದರೆ ರೇಡಿಯಲ್. 15 ಎಂದರೆ ರಿಮ್ಮಿನ ಅಡ್ಡಳತೆ, ಇಂಚಿನಲ್ಲಿ. 88 ಎಂದರೆ ಭಾರದ ಅಂಕೆ: ಒಂದು ಟೈರು 560 ಕಿಲೋ ತನಕ ಹೊರಬಲ್ಲದು. ಎಚ್ ಎಂದರೆ ಗಂಟೆಗೆ 210 ಕಿ.ಮೀ. ವೇಗದ ಮಿತಿ. ಈ ಕೊನೆಯ ಅಂಕೆಯ ಕೆಲಸ ಯಡ್ರಾಮಿ ರಸ್ತೆಯಲ್ಲಿ ಬೀಳುವುದಿಲ್ಲ, ಬೀಳುವುದೂ ಬೇಡ.

ಈಗ ಲೆಕ್ಕ ನೋಡಿ. 2018ರಲ್ಲಿ ಬಂದ ಮಾರುತಿ ಸ್ವಿಫ್ಟಿನ ಕೆಳದರ್ಜೆಯ ಗಾಡಿಗೆ ಕಂಪನಿ ಕೊಟ್ಟದ್ದು 165/80 ಆರ್ 14, ಮೇಲ್ದರ್ಜೆಗೆ ಕೊಟ್ಟದ್ದು 185/65 ಆರ್ 15. ರಿಮ್ಮು ಒಂದು ಇಂಚು ದೊಡ್ಡದಾಯಿತು, ಟೈರು ಅಗಲವಾಯಿತು. ಆದರೆ ಇಡೀ ಗಾಲಿಯ ಎತ್ತರ ಮೊದಲನೆಯದಕ್ಕೆ ಸುಮಾರು 620 ಮಿ.ಮೀ., ಎರಡನೆಯದಕ್ಕೆ ಸುಮಾರು 621. ಒಂದೆರಡು ಮಿಲಿಮೀಟರ್ ಅಷ್ಟೇ ಫರಕು! ರಿಮ್ಮು ಬೆಳೆದಷ್ಟು ಟೈರಿನ ಪಕ್ಕ ಕುಗ್ಗಿದೆ. ಗಾಲಿ ಬದಲಿಸುವ ವಿದ್ಯೆಯೆಲ್ಲ ಇಷ್ಟರಲ್ಲೇ ಇದೆ: ರಿಮ್ಮು ದೊಡ್ಡದಾದರೂ ಇಡೀ ಗಾಲಿ ದೊಡ್ಡದಾಗಬಾರದು. ಹಳೆಯ ಎತ್ತರಕ್ಕೂ ಹೊಸದಕ್ಕೂ ನೂರಕ್ಕೆ ಮೂರಕ್ಕಿಂತ ಹೆಚ್ಚು ಫರಕು ಬೀಳಬಾರದು ಎಂಬುದು ತಿಳಿದ ಮೆಕ್ಯಾನಿಕ್‌ಗಳು ಹಿಡಿಯುವ ಮಿತಿ.

ಹುಡುಗ ಮಾಡುವುದೇನು? ಅದೇ ಗಾಡಿಗೆ 17 ಇಂಚಿನ ರಿಮ್ಮು ತಂದು 205/55 ಟೈರು ಹಾಕಿಸುತ್ತಾನೆ. ಗಾಲಿ 657 ಮಿ.ಮೀ. ಎತ್ತರವಾಗುತ್ತದೆ. ನೂರಕ್ಕೆ ಸುಮಾರು ಆರರಷ್ಟು ಹೆಚ್ಚು. ಮೀಟರು 80 ತೋರಿಸುವಾಗ ಗಾಡಿ ಓಡುತ್ತಿರುವುದು 84-85ರಲ್ಲಿ. 100 ಕಿ.ಮೀ. ಹೋದರೆ ಮೀಟರಿನಲ್ಲಿ ಏಳುವುದು ಸುಮಾರು 95. ಎಂಜಿನ್ನಿಗೆ ಗಾಲಿ ತಿರುಗಿಸುವ ಹೊರೆ ಹೆಚ್ಚು, ಪಿಕಪ್ಪು ಕಡಿಮೆ, ಎಣ್ಣೆ ಜಾಸ್ತಿ. ಬ್ರೇಕು ಮಾತ್ರ ಹಳೆಯದೇ. ಅದು ಹಿಡಿಯಬೇಕಾದ ಗಾಲಿ ಈಗ ದೊಡ್ಡದು, ಭಾರದ್ದು. ಸ್ಟೇರಿಂಗ್ ಪೂರ್ತಿ ತಿರುವಿದರೆ ಟೈರು ಒಳಗೆ ತಿಕ್ಕುತ್ತದೆ, ತಗ್ಗಿಗೆ ಬಿದ್ದರೆ ಮೇಲೆ ತಿಕ್ಕುತ್ತದೆ. ತಿಕ್ಕಿ ತಿಕ್ಕಿ ಪಕ್ಕ ಸವೆದ ಟೈರು ಒಂದು ದಿನ ಒಡೆಯುತ್ತದೆ. ಅದು ಮನೆಯ ಮುಂದೆ ನಿಂತಾಗ ಒಡೆಯುವುದಿಲ್ಲ, ಕಟ್ಟಿಸಂಗಾವಿ ಸೇತುವೆ ದಾಟುವಾಗಲೋ, ಹೆದ್ದಾರಿಯಲ್ಲಿ ಲಾರಿ ಹಿಂದೆ ಹಾಕುವಾಗಲೋ ಒಡೆಯುತ್ತದೆ.

ಬರೀ ಸೈಜು ಸಾಲದು

ಟೈರಿನ ಸೈಜು ಕೂಡಿದರೂ ಕೆಲಸ ಮುಗಿಯಲಿಲ್ಲ. ರಿಮ್ಮಿಗೆ ಬೇರೆ ನಾಲ್ಕು ಅಳತೆ ಇವೆ.

ಒಂದು, ಬೋಲ್ಟುಗಳ ವರ್ತುಲ. ಸ್ವಿಫ್ಟಿಗೆ ನಾಲ್ಕು ಬೋಲ್ಟು, ಅವು ಕೂತಿರುವ ವರ್ತುಲದ ಅಡ್ಡಳತೆ 100 ಮಿ.ಮೀ. ಅದೇ ನಾಲ್ಕು ಬೋಲ್ಟಿನ, ಬೇರೆ ವರ್ತುಲದ ರಿಮ್ಮು ನೋಡಲು ಒಂದೇ ಥರ ಕಾಣುತ್ತದೆ. ಬಡಿದು, ಒತ್ತಿ, ನಟ್ಟು ತಿರುವಿದರೆ ಕೂತಂತೆಯೂ ಆಗುತ್ತದೆ. ಆದರೆ ಬೋಲ್ಟು ಸೊಟ್ಟಗೆ ಎಳೆದುಕೊಂಡಿರುತ್ತದೆ. ಅದು ಯಾವಾಗ ಮುರಿಯುತ್ತದೆ ಎಂದು ಹೇಳಲಾಗದು.

ಎರಡು, ನಡುವಿನ ತೂತು. ಅಂಗಡಿಯ ಅಲಾಯ್ ರಿಮ್ಮುಗಳನ್ನು ಹತ್ತಾರು ಗಾಡಿಗೆ ಹೊಂದಲಿ ಎಂದು ದೊಡ್ಡ ತೂತಿಟ್ಟು ಮಾಡಿರುತ್ತಾರೆ. ಗಾಡಿಯ ಹಬ್ಬು ಸಣ್ಣದಿದ್ದರೆ ನಡುವೆ ಸಂದು ಉಳಿಯುತ್ತದೆ. ಅದನ್ನು ತುಂಬಲು ಹಬ್ ರಿಂಗ್ ಎಂಬ ಬಳೆ ಬೇಕು. ಬೆಲೆ ಸಣ್ಣದು, ಆದರೆ ಕೇಳಿ ಹಾಕಿಸಿಕೊಳ್ಳುವವರು ಕಡಿಮೆ. ಅದಿಲ್ಲದಿದ್ದರೆ ವೇಗ ಏರಿದಂತೆ ಸ್ಟೇರಿಂಗ್ ನಡುಗುತ್ತದೆ. ‘ಬ್ಯಾಲೆನ್ಸಿಂಗ್ ಮಾಡಸ್ರಿ’ ಎಂದು ಮತ್ತೆ ಮತ್ತೆ ದುಡ್ಡು ಕೊಟ್ಟರೂ ನಡುಕ ನಿಲ್ಲುವುದಿಲ್ಲ, ಯಾಕೆಂದರೆ ರೋಗ ಬೇರೆ, ಮದ್ದು ಬೇರೆ.

ಮೂರು, ಆಫ್‌ಸೆಟ್. ರಿಮ್ಮು ಹಬ್ಬಿಗೆ ಕೂರುವ ಜಾಗ ರಿಮ್ಮಿನ ನಡುಗೆರೆಯಿಂದ ಎಷ್ಟು ಒಳಗೆ, ಎಷ್ಟು ಹೊರಗೆ ಎಂಬ ಲೆಕ್ಕ. ಇದು ತಪ್ಪಿದರೆ ಗಾಲಿ ಬಾಡಿಯಿಂದ ಹೊರಗೆ ಚಾಚುತ್ತದೆ. ಹುಡುಗರಿಗೆ ಬೇಕಾದದ್ದೂ ಅದೇ, ಗತ್ತು. ಆದರೆ ಬೇರಿಂಗಿನ ಮೇಲೆ ಬೀಳುವ ಭಾರದ ಜಾಗ ಬದಲಾಗಿ ಬೇರಿಂಗು ಬೇಗ ಕೆಡುತ್ತದೆ, ಮಳೆಗಾಲದಲ್ಲಿ ಕೆಸರೆಲ್ಲ ಬಾಗಿಲ ಮೇಲೆ ಸಿಡಿಯುತ್ತದೆ.

ನಾಲ್ಕು, ರಿಮ್ಮಿನ ಅಗಲ. 185/65ರ ಟೈರು ಐದರಿಂದ ಆರೂವರೆ ಇಂಚು ಅಗಲದ ರಿಮ್ಮಿಗೆ ಸರಿ. ಅದಕ್ಕಿಂತ ಅಗಲದ ರಿಮ್ಮಿಗೆ ಎಳೆದು ಕೂರಿಸಿದರೆ ಟೈರಿನ ಅಂಚು ರಿಮ್ಮನ್ನು ಗಟ್ಟಿ ಹಿಡಿಯುವುದಿಲ್ಲ.

ಮೋಟರ್ ಸೈಕಲ್ಲಿನವರೂ ಇದರಿಂದ ಹೊರಗಿಲ್ಲ. 80/100-18 ಸೈಜಿನ ಸಣ್ಣ ರಿಮ್ಮಿಗೆ ದೊಡ್ಡ ಬೈಕಿನ ದಪ್ಪ ಟೈರು ಏರಿಸುವ ಚಟ ಊರೂರಿಗೆ ಹಬ್ಬಿದೆ. ಸಣ್ಣ ರಿಮ್ಮಿನಲ್ಲಿ ದಪ್ಪ ಟೈರು ಹಿಸುಕಿಕೊಂಡು ದುಂಡಗಾಗುತ್ತದೆ. ರಸ್ತೆಗೆ ತಾಗುವ ಜಾಗ ಹೆಚ್ಚುವುದಿಲ್ಲ, ಎಣ್ಣೆಯ ಖರ್ಚು ಮಾತ್ರ ಹೆಚ್ಚುತ್ತದೆ. ಒಂದು ಕಡೆ ಚೈನಿಗೂ ತಿಕ್ಕುತ್ತದೆ.

ಯಾರ ರಸ್ತೆಗೆ ಯಾರ ಗಾಲಿ?

ಸ್ಪೋರ್ಟ್ಸ್ ಕಾರಿಗೆ ದೊಡ್ಡ ರಿಮ್ಮು, ತೆಳ್ಳನೆಯ ಟೈರು ಇರುವುದಕ್ಕೆ ಕಾರಣವಿದೆ. ವೇಗದಲ್ಲಿ ತಿರುವು ಹೊಡೆಯುವಾಗ ಟೈರಿನ ಪಕ್ಕ ಬಳುಕಬಾರದು, ದೊಡ್ಡ ಬ್ರೇಕ್ ಡಿಸ್ಕಿಗೆ ಒಳಗೆ ಜಾಗ ಬೇಕು. ಅದರ ರಸ್ತೆಯೂ ಹಾಗೇ ಇರುತ್ತದೆ. ಶ್ರೀಪೆರಂಬುದೂರಿನ ಹತ್ತಿರದ ರೇಸ್ ಟ್ರ್ಯಾಕಿನಲ್ಲಿ, ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲಿ ತಗ್ಗು ಇಲ್ಲ, ಎಮ್ಮೆ ಅಡ್ಡ ಬರುವುದಿಲ್ಲ, ತೊಗರಿ ಹೊಟ್ಟು ಹರಡಿರುವುದಿಲ್ಲ.

ಇನ್ನೊಂದು ಸಂಗತಿ ಹುಡುಗರು ಕೇಳಲೇಬೇಕು. ಜಗತ್ತಿನಲ್ಲೇ ವೇಗದ ರೇಸು ಎನಿಸಿದ ಫಾರ್ಮುಲಾ ಒನ್ ಕಾರುಗಳು 2021ರ ತನಕ ಓಡಿದ್ದು 13 ಇಂಚಿನ ರಿಮ್ಮಿನ ಮೇಲೆ! 18 ಇಂಚು ಬಂದದ್ದು 2022ರಲ್ಲಿ. ಗ್ರೇಟರ್ ನೋಯ್ಡಾದ ಬುದ್ಧ ಸರ್ಕಿಟ್ಟಿನಲ್ಲಿ 2011ರಿಂದ 2013ರ ತನಕ ಮೂರು ವರ್ಷ ಆ ರೇಸು ನಡೆದಾಗ ಓಡಿದ ಕಾರುಗಳ ರಿಮ್ಮು, ಯಡ್ರಾಮಿಯ ಓಣಿಯಲ್ಲಿ ನಿಂತ ಸ್ವಿಫ್ಟಿನ ರಿಮ್ಮಿಗಿಂತ ಸಣ್ಣದಿತ್ತು. ರಿಮ್ಮು ದೊಡ್ಡದಾದರೆ ಗಾಡಿ ಜೋರು ಎಂಬ ಮಾತಿಗೆ ಇದಕ್ಕಿಂತ ಉತ್ತರ ಬೇಕೇ?

ಮಣ್ಣಿನ ರಸ್ತೆಯ ರ‍್ಯಾಲಿಯನ್ನೇ ನೋಡಿ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ದಾರಿಯಲ್ಲಿ ರಾಷ್ಟ್ರೀಯ ರ‍್ಯಾಲಿಯ ಕಾರುಗಳು ಓಡಿವೆ. ವಿಶ್ವ ರ‍್ಯಾಲಿಯಲ್ಲಂತೂ ಅದೇ ಕಾರಿಗೆ ಡಾಂಬರಿನ ಮೇಲೆ 18 ಇಂಚಿನ ರಿಮ್ಮು, ಖಡಿ ರಸ್ತೆಗೆ 15 ಇಂಚಿನದು. ರಸ್ತೆ ಕೆಟ್ಟದ್ದಾದಷ್ಟು ರಿಮ್ಮು ಸಣ್ಣದು, ರಬ್ಬರು ಹೆಚ್ಚು. ಗೆಲ್ಲಲೆಂದೇ ಓಡಿಸುವ ಪಳಗಿದವರೇ ರಸ್ತೆ ನೋಡಿ ಗಾಲಿ ಆರಿಸುತ್ತಾರೆ. ಇಲ್ಲಿ ಗಾಲಿ ಆರಿಸುವುದು ಫೋಟೋ ನೋಡಿ.

ಯಡ್ರಾಮಿ ಸೀಮೆಯ ರಸ್ತೆ ಎಂಥದು ಎಂದು ಯಾರಿಗೂ ಹೇಳಿಕೊಡಬೇಕಿಲ್ಲ. ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಹಾಕಿದ ಡಾಂಬರು ನೆಟ್ಟಗಿರುವುದು ಕಷ್ಟ. ತಗ್ಗಿಗೆ ಬಿದ್ದಾಗ ಪೆಟ್ಟನ್ನು ಮೊದಲು ನುಂಗುವುದು ಟೈರಿನ ಪಕ್ಕದ ರಬ್ಬರು. 185/65ರಲ್ಲಿ ಅದು 120 ಮಿ.ಮೀ. ಇದೆ. 17 ಇಂಚಿನ ರಿಮ್ಮಿಗೆ ಲೆಕ್ಕದ ಪ್ರಕಾರವೇ ಸರಿ ಹೊಂದುವ 205/45 ಟೈರು ಹಾಕಿದರೂ ಉಳಿಯುವುದು 92. ಎತ್ತರ ಕೂಡಿತು, ಮೀಟರು ಕೂಡಿತು, ಆದರೆ ಪೆಟ್ಟು ನುಂಗುವ ರಬ್ಬರಿನಲ್ಲಿ ಕಾಲು ಭಾಗ ಹೋಯಿತು. ಮಿಕ್ಕ ಪೆಟ್ಟು ರಿಮ್ಮಿಗೆ, ರಿಮ್ಮಿನಿಂದ ಸಸ್ಪೆನ್ಷನ್ನಿಗೆ, ಅಲ್ಲಿಂದ ಕಾಕಾರ ನಡಕ್ಕೆ. ಕಬ್ಬಿಣದ ರಿಮ್ಮು ಬಗ್ಗಿದರೆ ಪಂಚರ್ ಅಂಗಡಿಯವ ಬಡಿದು ಊರು ಮುಟ್ಟಿಸಬಲ್ಲ. ಅಲಾಯ್ ರಿಮ್ಮು ಬಿರಿದರೆ ಅಲ್ಲೇ ನಿಲ್ಲಬೇಕು. ಸ್ಟೆಪ್ನಿ ಹಳೆಯ ಸೈಜಿನದು. ಒಂದು ಕಡೆ ಎತ್ತರ, ಒಂದು ಕಡೆ ತಗ್ಗು. ಕುಂಟುತ್ತ ಮನೆಗೆ.

ಬಾಡಿಗೆ ಗಾಡಿಯ ಗಾಲಿ

ಸ್ವಂತ ಕಾರಿನ ಹುಡುಗ ತನ್ನ ದುಡ್ಡು ಕಳೆದುಕೊಳ್ಳುತ್ತಾನೆ. ಬಾಡಿಗೆ ಗಾಡಿಯವ ತಪ್ಪಿದರೆ ಕಳೆದುಕೊಳ್ಳುವವರು ಬೇರೆಯವರು. ಅವನಿಗೆ ಶೋಕಿ ಇಲ್ಲ, ಅವನ ತಪ್ಪು ಉಳಿತಾಯದ್ದು. ಎಡಕ್ಕೊಂದು ಸೈಜು, ಬಲಕ್ಕೊಂದು ಸೈಜು. ಭಾರದ ಗಾಡಿಗೆ ಹೆಚ್ಚು ಪ್ಲೈ ಇರುವ ಟೈರು ಬೇಕಾದಲ್ಲಿ, ಅದೇ ರಿಮ್ಮಿಗೆ ಕೂರುತ್ತದೆಂದು ಕಾರಿನ ಟೈರು. ಕೂರುವುದೇ ಬೇರೆ, ಹೊರುವುದೇ ಬೇರೆ. ಭಾರದ ಅಂಕೆ ಕಡಿಮೆ ಇರುವ ಟೈರಿನ ಮೇಲೆ ಒಳಗೆ ಹತ್ತು, ಮೇಲೆ ನಾಲ್ಕು ಜನ, ಕ್ಯಾರಿಯರಿನಲ್ಲಿ ಜ್ವಾಳದ ಚೀಲ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಕಾದ ಡಾಂಬರು ಕೆಳಗೆ. ಭಾರಕ್ಕೆ ಬಳುಕಿದ ಟೈರು ಒಳಗಿನಿಂದಲೂ ಕಾಯುತ್ತದೆ. ಗಾಳಿ ಕಡಿಮೆ ಇದ್ದರೆ ಇನ್ನೂ ಹೆಚ್ಚು ಕಾಯುತ್ತದೆ. ಟೈರು ಒಡೆದಾಗ ‘ಬಿಸಲಿಗಿ ಒಡೀತ್ರಿ’ ಅನ್ನುತ್ತಾರೆ. ಬಿಸಿಲು ನೆಪ. ಒಡೆದದ್ದು ಭಾರಕ್ಕೆ, ತಪ್ಪು ಟೈರಿಗೆ.

ಕಾಯ್ದೆ ಏನನ್ನುತ್ತದೆ?

ಕಾಯ್ದೆ ಇಲ್ಲವೆಂದಲ್ಲ. 1988ರ ಮೋಟರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೂ ನೋಂದಣಿ ಪತ್ರದ ವಿವರಕ್ಕೂ ವ್ಯತ್ಯಾಸವಾಗುವಂತೆ ಗಾಡಿ ಬದಲಿಸಕೂಡದು. ಕೇರಳದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ನಿಯಮ ಮೀರಿ ಗಾಡಿ ಬದಲಿಸಿದ ಮಾಲೀಕನಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ 6 ತಿಂಗಳ ತನಕ ಜೈಲು, ಅಥವಾ ಎರಡೂ ಎಂದಾಯಿತು. ಕೇಂದ್ರದ ನಿಯಮದ ಪ್ರಕಾರ ಕಾರು, ಜೀಪಿನ ಟೈರಿನ ಗೆರೆಯ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಬಾರದು, ಎರಡು, ಮೂರು ಗಾಲಿಯ ಗಾಡಿಗೆ 0.8. ಟೈರಿಗೆ ಐ.ಎಸ್.ಐ. ಗುರುತು ಇರಲೇಬೇಕೆಂದು 2009ರಲ್ಲೇ ಆದೇಶವಾಗಿದೆ. ಬಾಡಿಗೆ ಗಾಡಿಗೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷ ಫಿಟ್‌ನೆಸ್ ಪತ್ರ ಬೇಕು. ಅಪಘಾತವಾದ ಮೇಲೆ ವಿಮೆ ಕಂಪನಿಯವರು ಬಂದು ನೋಡುವುದೂ ಇದನ್ನೇ. ಟೈರು ಬೇರೆ, ಆರ್.ಸಿ. ಬೇರೆ ಎಂದಾದರೆ ದುಡ್ಡಿಗೆ ಅಲೆಯುವ ಪಾಳಿ ಮಾಲೀಕನದು.

ಕಾಯ್ದೆ ಇದೆ, ಕೇಳುವವರು ಎಲ್ಲಿ? ಯಡ್ರಾಮಿಯನ್ನು ತಾಲೂಕು ಮಾಡುವುದಾಗಿ 2017ರ ಬಜೆಟ್ಟಿನಲ್ಲಿ ಘೋಷಣೆಯಾಯಿತು. ಬೋರ್ಡು ಬಂತು. ಆದರೆ ಆರ್.ಟಿ.ಓ. ಕೆಲಸಕ್ಕೆ ಕಲಬುರಗಿಯ ಹಾದಿ ತಪ್ಪಲಿಲ್ಲ. ರಸ್ತೆಯಲ್ಲಿ ನಿಲ್ಲಿಸಿದರೂ ಹೆಲ್ಮೆಟ್ಟು, ಕಾಗದ ನೋಡಿ ಬಿಡುತ್ತಾರೆ. ಬಗ್ಗಿ ಟೈರಿನ ಸೈಜು ಓದುವ ಅಧಿಕಾರಿ ಅಪರೂಪ.

ಆಗಬೇಕಾದ್ದು

ದೊಡ್ಡ ಯೋಜನೆ ಏನೂ ಬೇಡ. ಆರ್.ಟಿ.ಓ.ದವರು ತಿಂಗಳಿಗೊಂದು ದಿನ ಯಡ್ರಾಮಿಗೆ ಬಂದು ಬಾಡಿಗೆ ಗಾಡಿಗಳ ಟೈರು ನೋಡಲಿ. ದಂಡ ಹಾಕುವ ಮುಂಚೆ ಒಂದು ಸಲ ತಿಳಿಸಿ ಹೇಳಲಿ. ಟೈರು ಅಂಗಡಿಯವರು ಬಿಲ್ಲಿನಲ್ಲಿ ಸೈಜು, ಭಾರದ ಅಂಕೆ, ತಯಾರಾದ ವಾರ ಬರೆದು ಕೊಡಲಿ. ತಯಾರಾದ ವಾರ ಟೈರಿನ ಮೇಲೆ ನಾಲ್ಕು ಅಂಕೆಯಲ್ಲಿ ಇರುತ್ತದೆ: 2324 ಎಂದರೆ 2024ರ 23ನೇ ವಾರ. ಬಿಲ್ಲು ಕೇಳುವ ಗಿರಾಕಿಯ ಮೇಲೆ ಸಿಟ್ಟಾಗುವ ಅಂಗಡಿಯವನ ಹತ್ತಿರ ಟೈರು ಕೊಳ್ಳದಿರುವುದೇ ಲೇಸು.

ಗಾಲಿ ಬದಲಿಸಲೇಬೇಕೆಂಬ ಹುಡುಗ ಮೊದಲು ಡ್ರೈವರ್ ಬಾಗಿಲ ಹತ್ತಿರದ ಚೀಟಿ ಅಥವಾ ಕಂಪನಿಯ ಪುಸ್ತಕ ಓದಲಿ. ಅದೇ ಮಾಡೆಲ್ಲಿನ ಮೇಲ್ದರ್ಜೆಯ ಗಾಡಿಗೆ ಕಂಪನಿಯೇ ಕೊಟ್ಟ ಸೈಜು ಹಾಕಿಸಿಕೊಂಡರೆ ಛಂದವೂ ಆಯಿತು, ಜೀವವೂ ಉಳಿಯಿತು. ಹಾಕಿಸಿದ ಮೇಲೆ ಐವತ್ತು, ನೂರು ಕಿಲೋಮೀಟರು ಓಡಿಸಿ ನಟ್ಟು ಮತ್ತೊಮ್ಮೆ ಬಿಗಿ ಮಾಡಿಸಲಿ.

ಪ್ರಯಾಣಿಕರ ಪಾಲಿನ ಕೆಲಸವೂ ಒಂದಿದೆ. ಕ್ರೂಸರ್ ಹತ್ತುವ ಮುಂಚೆ ಒಂದು ಸುತ್ತು ಬಂದು ನಾಲ್ಕೂ ಗಾಲಿ ನೋಡುವುದಕ್ಕೆ ಅರ್ಧ ನಿಮಿಷ ಸಾಕು. ಗೆರೆ ಇಲ್ಲದ, ಉಬ್ಬು ಬಂದ, ನೂಲು ಕಾಣುವ ಟೈರು ಕಂಡರೆ ‘ಈ ಗಾಡಿ ಬ್ಯಾಡ್ರಿ, ಮುಂದಿನದಕ್ಕ ಬರ್ತೀವಿ’ ಎನ್ನಲಿ. ನಾಲ್ಕು ಜನ ಇಳಿದು ನಿಂತರೆ ಐದನೆಯ ದಿನ ಡ್ರೈವರನೇ ಹೊಸ ಟೈರು ಹಾಕಿಸುತ್ತಾನೆ. ಆರ್.ಟಿ.ಓ. ಕೈಲಾಗದ್ದು ಗಿರಾಕಿಯ ಕೈಲಾಗುತ್ತದೆ.

ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ಎಣಿಸುವ ಜನ ಇವರು. ಜೀವ ಒಪ್ಪಿಸುವ ಗಾಲಿಯನ್ನು ಒಂದು ಸಲ ಬಗ್ಗಿ ನೋಡಬಾರದೇ?